ಹತ್ತು ಸಾವಿರ ಹಾಕುವವರಿಗೂ ಕಟ್-ಆಫ್ ಬೆಲೆ ಕೊಡಿ: ರಿಸರ್ವ್ ಬ್ಯಾಂಕ್ ಗವರ್ನರ್ ಅವರಿಗೆ ಬಹಿರಂಗ ಪತ್ರ

ಮಾನ್ಯ ಗವರ್ನರ್ ಅವರೇ,

ನಮಸ್ಕಾರ. ಪ್ರತಿ ಬುಧವಾರ ನಿಮ್ಮ ಬ್ಯಾಂಕು ಕೇಂದ್ರ ಸರ್ಕಾರದ ಪರವಾಗಿ ಟ್ರೆಜರಿ ಬಿಲ್‌ಗಳನ್ನು ಹರಾಜು ಹಾಕುತ್ತದೆ. ಆ ಹರಾಜಿನಲ್ಲಿ ನನ್ನಂಥ ಸಣ್ಣ ಹೂಡಿಕೆದಾರರಿಗೆ ಯಾವ ಬೆಲೆಗೆ ಬಿಲ್ ಸಿಗಬೇಕು ಅನ್ನುವುದಕ್ಕೆ ಒಂದು ನಿಯಮವಿದೆ. ಅದನ್ನು ಬದಲಿಸಿ ಎಂದು ಕೇಳಲು ಈ ಪತ್ರ. ನಿಮಗೆ ಬರೆದದ್ದನ್ನು ಬೇರೆಯವರೂ ಓದುತ್ತಾರೆ, ಅಲ್ವಾ? ಹಾಗಾಗಿ ಹರಾಜು ಹೇಗೆ ನಡೆಯುತ್ತದೆ ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ನಿಮಗೆ ಗೊತ್ತಿರುವ ವಿಷಯವೇ, ಸ್ವಲ್ಪ ಸಹಿಸಿಕೊಳ್ಳಿ.

ಸರ್ಕಾರಕ್ಕೆ ತೆರಿಗೆ ಹಣ ಕಂತುಕಂತಾಗಿ ಬರುತ್ತದೆ. ಮುಂಗಡ ತೆರಿಗೆ ಕಟ್ಟುವ ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ ತಿಂಗಳುಗಳಲ್ಲಿ ಖಜಾನೆ ತುಂಬುತ್ತದೆ. ಸಂಬಳ, ಪಿಂಚಣಿ, ಬಡ್ಡಿಯ ಖರ್ಚು ಮಾತ್ರ ತಿಂಗಳು ತಿಂಗಳೂ ಇದ್ದೇ ಇರುತ್ತದೆ. ಈ ನಡುವಿನ ಕೊರತೆಯನ್ನು ತುಂಬಿಕೊಳ್ಳಲು ಸರ್ಕಾರ ಅಲ್ಪಾವಧಿ ಸಾಲ ಎತ್ತುತ್ತದೆ. ಅದೇ ಟ್ರೆಜರಿ ಬಿಲ್. 91 ದಿನ, 182 ದಿನ, 364 ದಿನ ಎಂದು ಮೂರು ಅವಧಿಗಳಿವೆ. ಯಾವ ವಾರ ಎಷ್ಟು ಕೋಟಿಯ ಬಿಲ್ ಬರುತ್ತದೆ ಅನ್ನುವ ಕ್ಯಾಲೆಂಡರನ್ನು ನೀವು ಮೂರು ತಿಂಗಳಿಗೊಮ್ಮೆ ಮುಂಚೆಯೇ ಪ್ರಕಟಿಸುತ್ತೀರಿ.

ಈ ಬಿಲ್‌ಗೆ ಬಡ್ಡಿ ಎಂದು ಬೇರೆ ಕೊಡುವುದಿಲ್ಲ. 100 ರೂಪಾಯಿ ಮುಖಬೆಲೆಯ ಬಿಲ್ಲನ್ನು ಕಡಿಮೆ ಬೆಲೆಗೆ ಕೊಳ್ಳುತ್ತೇವೆ, ಅವಧಿ ಮುಗಿದಾಗ ಪೂರ್ತಿ 100 ರೂಪಾಯಿ ಬರುತ್ತದೆ. ಚೀಟಿ ಕೂಗಿದವರಿಗೆ ಈ ಲೆಕ್ಕ ಹೊಸದಲ್ಲ. ಚೀಟಿಯಲ್ಲಿ ತುರ್ತಿದ್ದವರು ಒಂದಿಷ್ಟು ಬಿಟ್ಟುಕೊಟ್ಟು ಈಗಲೇ ಹಣ ಎತ್ತುತ್ತಾರೆ. ಇಲ್ಲಿ ಹಣ ಎತ್ತುವುದು ಸರ್ಕಾರ, ಎಷ್ಟು ಬಿಡಬೇಕು ಎಂದು ಕೂಗುವವರು ಮಾತ್ರ ಸಾಲ ಕೊಡುವವರು. 91 ದಿನದ ಬಿಲ್ 98.60 ರೂಪಾಯಿಗೆ ಸಿಕ್ಕಿತು ಎಂದುಕೊಳ್ಳಿ. ಲಾಭ 1.40 ರೂಪಾಯಿ. ಅದನ್ನು 98.60ರಿಂದ ಭಾಗಿಸಿ, ವರ್ಷದ ಲೆಕ್ಕಕ್ಕೆ 365/91ರಿಂದ ಗುಣಿಸಿದರೆ ಸುಮಾರು 5.7% ಆಗುತ್ತದೆ. ಪೇಪರಿನಲ್ಲಿ ಯೀಲ್ಡ್ ಎಂದು ಬರುವುದು ಇದೇ. ಬೆಲೆ ಏರಿದರೆ ಯೀಲ್ಡ್ ಇಳಿಯುತ್ತದೆ. ಇಷ್ಟು ನೆನಪಿಟ್ಟುಕೊಂಡರೆ ಸಾಕು, ಮುಂದಿನದೆಲ್ಲ ಸಲೀಸು.

ಈಗ ಬುಧವಾರದ ಬೆಳಗ್ಗೆಗೆ ಬರೋಣ. ಬಿಡ್‌ಗಳು ನಿಮ್ಮ ಇ-ಕುಬೇರ್ ಎಂಬ ಕಂಪ್ಯೂಟರ್ ವ್ಯವಸ್ಥೆಗೆ ಬರುತ್ತವೆ. ಬ್ಯಾಂಕುಗಳು, ಪ್ರೈಮರಿ ಡೀಲರ್‌ಗಳು (ಸರ್ಕಾರಿ ಸಾಲಪತ್ರ ಕೊಂಡು ಮಾರಲು ನೀವು ಅನುಮತಿ ಕೊಟ್ಟ ಸಂಸ್ಥೆಗಳು), ಮ್ಯೂಚುವಲ್ ಫಂಡ್‌ಗಳು, ವಿಮಾ ಕಂಪನಿಗಳು ತಾವು ಕೊಡುವ ಬೆಲೆ ಮತ್ತು ಬೇಕಾದ ಮೊತ್ತ ಎರಡನ್ನೂ ಬರೆದು ಬಿಡ್ ಹಾಕುತ್ತವೆ. ಒಬ್ಬರ ಬಿಡ್ ಇನ್ನೊಬ್ಬರಿಗೆ ಕಾಣುವುದಿಲ್ಲ. ಬೇರೆ ಬೇರೆ ಬೆಲೆಗೆ ಹಲವು ಬಿಡ್ ಹಾಕಲೂಬಹುದು. ಇವು ಸ್ಪರ್ಧಾತ್ಮಕ ಬಿಡ್‌ಗಳು. ಇವರಲ್ಲಿ ಪ್ರೈಮರಿ ಡೀಲರ್‌ಗಳು ಮನಸ್ಸಿದ್ದಾಗ ಬಂದು ಇಲ್ಲದಾಗ ಸುಮ್ಮನಿರುವಂತಿಲ್ಲ. ಬಿಡ್ ಹಾಕುತ್ತೇವೆ ಎಂದು ಒಪ್ಪಿಕೊಂಡ ಮೊತ್ತದಲ್ಲಿ ಅರ್ಧ ವರ್ಷಕ್ಕೆ ಕನಿಷ್ಠ 40% ಆದರೂ ಅವರು ಗೆಲ್ಲಲೇಬೇಕು. ಹರಾಜಿಗೆ ಕೊಳ್ಳುವವರು ಸಿಗದೆ ಹೋಗುವ ಪ್ರಸಂಗ ಅಪರೂಪವಾಗಿರುವುದಕ್ಕೆ ಈ ಕಟ್ಟುಪಾಡೂ ಒಂದು ಕಾರಣ.

ನಮ್ಮಂಥವರು ಬೆಲೆ ಬರೆಯುವಂತಿಲ್ಲ. ಎಷ್ಟು ಬೇಕು ಎಂದು ಮಾತ್ರ ಹೇಳುತ್ತೇವೆ. ಕನಿಷ್ಠ 10,000 ರೂಪಾಯಿ, ಆಮೇಲೆ ಅದರ ಗುಣಕಗಳಲ್ಲಿ. ಇದು ಸ್ಪರ್ಧಾತ್ಮಕವಲ್ಲದ ಬಿಡ್. ನಮ್ಮ ಪಾಲಿಗೆ ಮೀಸಲಿಟ್ಟಿರುವುದು ಮಾರಾಟದ ಮೊತ್ತದಲ್ಲಿ ಹೆಚ್ಚೆಂದರೆ 5%. ಬೇಡಿಕೆ ಅಷ್ಟರೊಳಗಿದ್ದರೆ ಬಿಲ್ ಸಿಗುವುದು ಖಚಿತ. ಬೆಲೆ ಏನು ಅನ್ನುವುದು ಹರಾಜು ಮುಗಿದ ಮೇಲೆ ಗೊತ್ತಾಗುತ್ತದೆ.

ನನ್ನ ತಕರಾರು ಇರುವುದು ಆ ಬೆಲೆಯ ಬಗ್ಗೆ.

ಒಂದು ಕಾಲ್ಪನಿಕ ಲೆಕ್ಕ ಹಾಕೋಣ. 1,000 ಕೋಟಿಯ ಬಿಲ್ ಮಾರಾಟಕ್ಕಿದೆ. ಮೊದಲನೆಯ ಬ್ಯಾಂಕು 98.65 ರೂಪಾಯಿಗೆ 300 ಕೋಟಿ ಕೇಳಿದೆ. ಎರಡನೆಯದು 98.62ಕ್ಕೆ 400 ಕೋಟಿ. ಮೂರನೆಯದು 98.60ಕ್ಕೆ 600 ಕೋಟಿ. ನಾಲ್ಕನೆಯದು 98.57ಕ್ಕೆ ಇನ್ನಷ್ಟು. ನೀವು ಮೇಲಿನ ಬೆಲೆಯಿಂದ ಕೆಳಕ್ಕೆ ಬರುತ್ತಾ ಹಂಚುತ್ತೀರಿ. ಮೊದಲ ಇಬ್ಬರಿಗೆ ಕೇಳಿದ್ದಷ್ಟೂ ಸಿಕ್ಕಿ 700 ಕೋಟಿ ಮುಗಿಯಿತು. ಉಳಿದದ್ದು 300 ಕೋಟಿ, ಹಾಗಾಗಿ ಮೂರನೆಯವರಿಗೆ ಕೇಳಿದ್ದರಲ್ಲಿ ಅರ್ಧ ಸಿಗುತ್ತದೆ. ನಾಲ್ಕನೆಯವರಿಗೆ ಏನೂ ಇಲ್ಲ. ಮಾರಾಟ ನಿಂತ ಆ 98.60 ರೂಪಾಯಿಯೇ ಕಟ್-ಆಫ್ ಬೆಲೆ. (ನಮ್ಮ 5% ಪಾಲನ್ನು ಈ ಲೆಕ್ಕದಲ್ಲಿ ಬೇಕೆಂದೇ ಬಿಟ್ಟಿದ್ದೇನೆ, ಸುಮ್ನೆ ಗೋಜಲಾಗುತ್ತದೆ.)

ಟ್ರೆಜರಿ ಬಿಲ್ ಹರಾಜು ನಡೆಯುವುದು ಬಹುಬೆಲೆ ಪದ್ಧತಿಯಲ್ಲಿ. ಅಂದರೆ ಗೆದ್ದವರು ತಾವು ಬರೆದ ಬೆಲೆಯನ್ನೇ ಕೊಡಬೇಕು. 98.65 ಬರೆದವರು 98.65 ಕೊಡುತ್ತಾರೆ, 98.60 ಬರೆದವರು 98.60. ಬೆಲೆ ಬರೆಯದ ನಾವು ಕೊಡುವುದು ಗೆದ್ದ ಬಿಡ್‌ಗಳ ಸರಾಸರಿಯನ್ನು. ಯಾರು ಎಷ್ಟು ಕೊಂಡರು ಅನ್ನುವುದನ್ನೂ ಹಿಡಿದು ತೆಗೆದ ಸರಾಸರಿ ಅದು, ನಿಮ್ಮ ಪ್ರಕಟಣೆಯಲ್ಲಿ ವೇಯ್ಟೆಡ್ ಆವರೇಜ್ ಎಂದಿರುತ್ತದೆ. ಮೇಲಿನ ಲೆಕ್ಕದಲ್ಲಿ ಅದು 98.623 ರೂಪಾಯಿ ಆಗುತ್ತದೆ. ಯೀಲ್ಡ್ ಸುಮಾರು 5.6%. ಮೂರನೆಯ ಬ್ಯಾಂಕಿಗೆ ಸಿಕ್ಕಿದ್ದು 5.7%.

ಕಟ್-ಆಫ್ ಅಂದರೆ ಗೆದ್ದ ಬೆಲೆಗಳಲ್ಲೇ ಅತಿ ಕಡಿಮೆಯದು. ಸರಾಸರಿ ಅದಕ್ಕಿಂತ ಕೆಳಗೆ ಇಳಿಯಲು ಸಾಧ್ಯವೇ ಇಲ್ಲ. ಎಲ್ಲರೂ ಒಂದೇ ಬೆಲೆ ಬರೆದಾಗ ಮಾತ್ರ ಎರಡೂ ಸಮ. ಹಾಗಾಗಿ ಹೆಚ್ಚುಕಡಿಮೆ ಪ್ರತಿ ಬುಧವಾರವೂ 10,000 ರೂಪಾಯಿಯ ಬಿಲ್ ಕೊಳ್ಳುವವರು, ಗೆದ್ದವರ ಸಾಲಿನ ಕೊನೆಯಲ್ಲಿ ನಿಂತ ನೂರಾರು ಕೋಟಿಯ ಸಂಸ್ಥೆಗಿಂತ ಜಾಸ್ತಿ ಬೆಲೆ ಕೊಡುತ್ತಾರೆ.

ಎಷ್ಟು ಜಾಸ್ತಿ? ನನ್ನ ಲೆಕ್ಕದ ಪ್ರಕಾರ 10,000ಕ್ಕೆ 2 ರೂಪಾಯಿ 30 ಪೈಸೆ. ನಿಜವಾದ ಹರಾಜಿನಲ್ಲಿ ಅಂತರ ಇದಕ್ಕಿಂತಲೂ ಕಡಿಮೆ ಇರುವುದೇ ಹೆಚ್ಚು. ಇದಕ್ಕೆ ಗವರ್ನರ್‌ಗೆ ಪತ್ರ ಬರೆಯಬೇಕಾ ಎಂದು ನೀವು ನಗಬಹುದು. ಆದರೆ ಇದೇ ಮಾತನ್ನು ನಾನೂ ಕೇಳಬಹುದಲ್ಲ? ಇಷ್ಟು ಚಿಕ್ಕ ಮೊತ್ತವನ್ನು ನಮ್ಮಿಂದ ಯಾಕೆ ತೆಗೆದುಕೊಳ್ಳಬೇಕು? 1,000 ಕೋಟಿಯಲ್ಲಿ ನಮ್ಮ 5% ಪಾಲು ಪೂರ್ತಿ ಖರ್ಚಾದರೂ 50 ಕೋಟಿ. ಅಷ್ಟನ್ನೂ ಕಟ್-ಆಫ್ ಬೆಲೆಗೆ ಕೊಟ್ಟರೆ ಸರ್ಕಾರಕ್ಕೆ ಕಡಿಮೆಯಾಗುವುದು 1 ಲಕ್ಷದ 15 ಸಾವಿರ ರೂಪಾಯಿ. ಸಾವಿರ ಕೋಟಿ ಎತ್ತುವಾಗ ಇದು ಲೆಕ್ಕಕ್ಕೇ ಬರುವುದಿಲ್ಲ.

ಸರಾಸರಿ ಬೆಲೆಯ ಪರವಾಗಿ ಒಂದು ಒಳ್ಳೆಯ ವಾದವಿದೆ, ಅದನ್ನು ಮರೆಮಾಚುವುದಿಲ್ಲ. ದೊಡ್ಡವರಲ್ಲೂ ಕೆಲವರು ನಮಗಿಂತ ಹೆಚ್ಚು ಕೊಟ್ಟಿರುತ್ತಾರೆ, 98.65 ಬರೆದವರನ್ನೇ ನೋಡಿ. ಸರಾಸರಿ ಅಂದರೆ ಸರಾಸರಿ, ಅದರಲ್ಲಿ ಮೋಸವೇನಿಲ್ಲ. ಒಪ್ಪಿದೆ. ಆದರೆ ಅವರು ಆ ಬೆಲೆಯನ್ನು ತಾವೇ ಬರೆದವರು. ಅವರ ಬಳಿ ದಿನವಿಡೀ ಮಾರುಕಟ್ಟೆ ನೋಡುವ ಡೀಲಿಂಗ್ ರೂಮ್ ಇದೆ. ಇಡೀ ಮೊತ್ತ ತಮಗೇ ಸಿಗಲಿ ಎಂದು ಎರಡು ಪೈಸೆ ಜಾಸ್ತಿ ಬರೆಯುವುದು ಅವರ ಆಟದ ಭಾಗ. ಹೆಚ್ಚು ಬರೆದು ಕೈಸುಟ್ಟುಕೊಂಡರೆ ಅದೂ ಅವರ ಲೆಕ್ಕಕ್ಕೆ. ಆ ಆಟದಲ್ಲಿ ನಮಗೆ ಜಾಗವೇ ಇಲ್ಲ. ಅವರ ಅತಿ ಉತ್ಸಾಹದ ಖರ್ಚಿನಲ್ಲಿ ಮಾತ್ರ ನಮಗೂ ಒಂದು ಪಾಲು!

ಇದೇ ಸರ್ಕಾರ ಬೇರೆ ಕಡೆ ಸಣ್ಣವರನ್ನು ಹೇಗೆ ನಡೆಸಿಕೊಂಡಿದೆ ನೋಡಿ. 2022ರ ಮೇ ತಿಂಗಳಲ್ಲಿ ಎಲ್ಐಸಿ ಷೇರುಗಳನ್ನು ಮಾರಿದಾಗ ಬೆಲೆ 949 ರೂಪಾಯಿ ಇತ್ತು. ಸಣ್ಣ ಹೂಡಿಕೆದಾರರಿಗೆ ಪ್ರತಿ ಷೇರಿಗೆ 45 ರೂಪಾಯಿ, ಪಾಲಿಸಿದಾರರಿಗೆ 60 ರೂಪಾಯಿ ರಿಯಾಯಿತಿ ಸಿಕ್ಕಿತು. ಹೀಗೆ ಮೊದಲ ಸಲ ಷೇರು ಮಾರುವಾಗಿನ, ಅಂದರೆ ಐಪಿಒದ ಅರ್ಜಿಯಲ್ಲಿ ನಮಗೆ ‘ಕಟ್-ಆಫ್’ ಎಂಬ ಆಯ್ಕೆಯೂ ಇರುತ್ತದೆ. ಬೆಲೆ ಎಷ್ಟೇ ನಿಗದಿಯಾಗಲಿ, ಅದಕ್ಕೆ ನನ್ನ ಒಪ್ಪಿಗೆ ಇದೆ ಎಂದು ಗುರುತು ಹಾಕಿದರೆ ಮುಗಿಯಿತು. ಷೇರು ಮಾರುವಾಗ ಸಣ್ಣವರಿಗೆ ದೊಡ್ಡವರಿಗಿಂತ ಕಡಿಮೆ ಬೆಲೆ, ಸಾಲ ಎತ್ತುವಾಗ ಗೆದ್ದವರಲ್ಲಿ ಕೊನೆಯವರಿಗಿಂತ ಹೆಚ್ಚು ಬೆಲೆ. ಎರಡೂ ಕಡೆ ಮಾರುತ್ತಿರುವುದು ಒಂದೇ ಸರ್ಕಾರ.

ಎಲ್ಲರಿಗೂ ಕಟ್-ಆಫ್ ಬೆಲೆಯನ್ನೇ ಹಾಕುವ ಏಕಬೆಲೆ ಪದ್ಧತಿ ನಿಮ್ಮ ಬ್ಯಾಂಕಿಗೆ ಹೊಸದೇನಲ್ಲ. 1998ರ ನವೆಂಬರಿನಲ್ಲೇ 91 ದಿನದ ಬಿಲ್‌ಗೆ ಅದನ್ನು ಪ್ರಯೋಗಿಸಿದ್ದಿದೆ. 2021ರ ಜುಲೈನಲ್ಲಿ 2ರಿಂದ 14 ವರ್ಷದವರೆಗಿನ ಕೆಲವು ಬಾಂಡ್‌ಗಳಿಗೂ ತಂದಿರಿ. ಅಮೆರಿಕದಲ್ಲಿ ಇದಕ್ಕೆ ಒಂದು ಹಗರಣವೇ ಬೇಕಾಯಿತು. ಒಂದು ಹರಾಜಿನಲ್ಲಿ ಒಬ್ಬರಿಗೆ 35%ಗಿಂತ ಹೆಚ್ಚು ಇಲ್ಲ ಎಂಬ ಮಿತಿ ಅಲ್ಲಿತ್ತು. ಸಾಲೊಮನ್ ಬ್ರದರ್ಸ್ ಕಂಪನಿ ತನ್ನ ಗಿರಾಕಿಗಳ ಹೆಸರಿನಲ್ಲಿ ಅವರಿಗೇ ಗೊತ್ತಿಲ್ಲದಂತೆ ಬಿಡ್ ಹಾಕಿ ಆ ಮಿತಿಯನ್ನು ದಾಟಿದ್ದು 1991ರಲ್ಲಿ ಬಯಲಾಯಿತು. ಮರುವರ್ಷ ಅಲ್ಲಿನ ಖಜಾನೆ 2 ಮತ್ತು 5 ವರ್ಷದ ಸಾಲಪತ್ರಗಳಿಗೆ ಏಕಬೆಲೆ ಪದ್ಧತಿಯನ್ನು ಪರೀಕ್ಷಿಸಿತು. 1998ರಲ್ಲಿ ಬಿಲ್ ಸೇರಿದಂತೆ ಎಲ್ಲಕ್ಕೂ ಅದೇ ನಿಯಮವಾಯಿತು. ಇವತ್ತು ಅಲ್ಲಿ 100 ಡಾಲರ್ ಹಾಕಿದವರಿಗೂ ದೊಡ್ಡ ಬ್ಯಾಂಕಿಗೂ ಒಂದೇ ದರ. ಬ್ರಿಟನ್ ಮಾತ್ರ ತನ್ನ ಬಿಲ್‌ಗಳಿಗೆ ಬಹುಬೆಲೆ ಪದ್ಧತಿಯನ್ನೇ ಉಳಿಸಿಕೊಂಡಿದೆ. ಯಾವುದರಿಂದ ಸರ್ಕಾರಕ್ಕೆ ಹೆಚ್ಚು ಹಣ ಬರುತ್ತದೆ ಎಂಬ ಜಗಳ ಅರ್ಥಶಾಸ್ತ್ರಜ್ಞರಲ್ಲಿ ಇನ್ನೂ ಮುಗಿದಿಲ್ಲ. ಆ ಜಗಳಕ್ಕೆ ನಾನು ಇಳಿಯುವುದಿಲ್ಲ. ಬ್ಯಾಂಕುಗಳಿಗೆ ಬಹುಬೆಲೆಯೇ ಇರಲಿ, ನನ್ನ ಅಭ್ಯಂತರವಿಲ್ಲ. ಸ್ಪರ್ಧಾತ್ಮಕವಲ್ಲದ ಬಿಡ್ ಹಾಕುವ ವ್ಯಕ್ತಿಗಳಿಗೆ ಮಾತ್ರ ಕಟ್-ಆಫ್ ಬೆಲೆ ಕೊಡಿ. ಅಷ್ಟೇ ಕೇಳುತ್ತಿರುವುದು.

ಇದನ್ನು ದೊಡ್ಡ ಕುಳಗಳು ದುರುಪಯೋಗ ಮಾಡಿಕೊಂಡಾರು ಎಂಬ ಭಯವಿದ್ದರೆ ಒಂದು ಮಿತಿ ಹಾಕಿ. ಒಬ್ಬರಿಗೆ ಒಂದು ಹರಾಜಿನಲ್ಲಿ 10 ಲಕ್ಷದವರೆಗೆ ಕಟ್-ಆಫ್ ಬೆಲೆ, ಅದರಾಚೆಗೆ ಈಗಿನ ಸರಾಸರಿ. ಪ್ಯಾನ್ ನಂಬರ್ ಹಿಡಿದು ಲೆಕ್ಕ ಇಡುವುದು ನಿಮಗೆ ಕಷ್ಟದ ಕೆಲಸವಲ್ಲ.

ಈಗಲೇ ಯಾಕೆ ಕೇಳುತ್ತಿದ್ದೇನೆ ಅಂದರೆ, ಕೊಳ್ಳುವವರ ಬಗೆ ಬದಲಾಗುತ್ತಿದೆ. ಸಾಮಾನ್ಯರು ನಿಮ್ಮ ಬ್ಯಾಂಕಿನ ಮೂಲಕವೇ ಸರ್ಕಾರಿ ಸಾಲಪತ್ರ ಕೊಳ್ಳುವ ರೀಟೇಲ್ ಡೈರೆಕ್ಟ್ ಯೋಜನೆ 2021ರ ನವೆಂಬರಿನಲ್ಲಿ ಶುರುವಾದ ಮೇಲೆ ದಲ್ಲಾಳಿಯ ಹಂಗಿಲ್ಲದೆ, ಶುಲ್ಕವಿಲ್ಲದೆ ಖಾತೆ ತೆರೆಯಬಹುದು. 2024ರಲ್ಲಿ ಮೊಬೈಲ್ ಆ್ಯಪ್ ಬಂತು. 2025ರ ಆಗಸ್ಟಿನಲ್ಲಿ ಟ್ರೆಜರಿ ಬಿಲ್‌ಗೆ ಎಸ್ಐಪಿ ರೀತಿಯ ಸೌಲಭ್ಯವನ್ನೂ ಘೋಷಿಸಿದಿರಿ. ಒಮ್ಮೆ ಹೇಳಿಟ್ಟರೆ ಬಿಡ್ ತಾನಾಗಿ ಹೋಗುತ್ತದೆ. ನಿಜಕ್ಕೂ ಒಳ್ಳೆಯ ಕೆಲಸ. ಆದರೆ ಹಾಗೆ ಹೇಳಿಟ್ಟವರು ಮುಂದಿನ ಹರಾಜುಗಳ ಬೆಲೆಗೆ ಈಗಲೇ ತಲೆಯಾಡಿಸಿದಂತೆ. ಆಮೇಲೆ ಒಂದು ದಿನ ಪೇಪರಿನಲ್ಲಿ ‘ಕಟ್-ಆಫ್ ಯೀಲ್ಡ್ ಇಷ್ಟು’ ಎಂದು ಓದುತ್ತಾರೆ, ತಮ್ಮ ಖಾತೆಯಲ್ಲಿ ಬೇರೆಯದೇ ಅಂಕಿ ನೋಡುತ್ತಾರೆ. ವೇಯ್ಟೆಡ್ ಆವರೇಜ್ ಅಂದರೇನು ಎಂದು ಅವರಿಗೆ ವಿವರಿಸುವುದಕ್ಕಿಂತ ಎರಡೂ ಅಂಕಿಗಳನ್ನು ಒಂದೇ ಮಾಡಿಬಿಡುವುದು ಸುಲಭ.

ಹಳೆಯ ಕಥೆಯೊಂದನ್ನು ಇಲ್ಲಿ ಹೇಳಬೇಕು. 1974ರಿಂದ ಹೆಚ್ಚುಕಡಿಮೆ ಎರಡು ದಶಕ ಟ್ರೆಜರಿ ಬಿಲ್‌ನ ದರ 4.6%ರಲ್ಲೇ ನಿಂತಿತ್ತು. ಮಾರುಕಟ್ಟೆ ಏನೇ ಹೇಳಲಿ, ಸರ್ಕಾರಕ್ಕೆ ಹಣ ಬೇಕಾದಾಗಲೆಲ್ಲ ಅಡ್‌ಹಾಕ್ ಬಿಲ್ ಬರೆದು ನಿಮ್ಮ ಬ್ಯಾಂಕಿನಿಂದಲೇ ತೆಗೆದುಕೊಳ್ಳುತ್ತಿತ್ತು. 91 ದಿನದ ಬಿಲ್ ಹರಾಜಿಗೆ ಬಂದದ್ದು 1993ರ ಜನವರಿಯಲ್ಲಿ. ಅಡ್‌ಹಾಕ್ ಬಿಲ್‌ಗಳು ಪೂರ್ತಿ ನಿಂತದ್ದು 1997ರ ಏಪ್ರಿಲ್ 1ರಂದು. ಆ ವ್ಯವಸ್ಥೆಯನ್ನೇ ಕಿತ್ತುಹಾಕಿದ ಸಂಸ್ಥೆಗೆ ನಾನು ಕೇಳುತ್ತಿರುವುದು ಷರತ್ತುಗಳಲ್ಲಿ ಒಂದು ಸಾಲಿನ ಬದಲಾವಣೆ.

ಸಾಲ ಸರ್ಕಾರದ್ದು, ಹರಾಜಿನ ಷರತ್ತುಗಳ ಅಧಿಸೂಚನೆ ಹೊರಡುವುದು ಹಣಕಾಸು ಸಚಿವಾಲಯದಿಂದ ಎಂದು ಗೊತ್ತಿದೆ. ಆದರೂ ಸಾಲದ ನಿರ್ವಹಣೆ ನಿಮ್ಮ ಕೈಯಲ್ಲಿದೆ, ನಿಮ್ಮ ಮಾತಿಗೆ ಅಲ್ಲಿ ತೂಕವಿದೆ. ಮುಂದಿನ ತ್ರೈಮಾಸಿಕದ ಕ್ಯಾಲೆಂಡರ್ ಹೊರಡುವ ಮುಂಚೆ ಈ ಪ್ರಸ್ತಾವವನ್ನು ಸಚಿವಾಲಯಕ್ಕೆ ಕಳಿಸಿ. ಆಗುವುದಿಲ್ಲ ಎಂದಾದರೆ ಯಾಕೆ ಆಗುವುದಿಲ್ಲ ಎಂದು ಒಂದು ಪುಟದಲ್ಲಿ ಪ್ರಕಟಿಸಿ. ಜೊತೆಗೆ ಬುಧವಾರದ ಫಲಿತಾಂಶದ ಪಟ್ಟಿಯಲ್ಲಿ ಒಂದು ಸಾಲು ಸೇರಿಸಿ: ಈ ವಾರ 10,000 ರೂಪಾಯಿಯ ಬಿಲ್‌ಗೆ ಸಣ್ಣ ಹೂಡಿಕೆದಾರರು ಕೊಟ್ಟದ್ದು ಇಷ್ಟು, ಕಟ್-ಆಫ್ ಬೆಲೆಯಲ್ಲಾದರೆ ಇಷ್ಟಾಗುತ್ತಿತ್ತು. ಇದಕ್ಕೆ ಯಾವ ಸಚಿವಾಲಯದ ಒಪ್ಪಿಗೆಯೂ ಬೇಕಾಗಲಿಕ್ಕಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಟ್ರೆಜರಿ ಬಿಲ್ ಕೊಳ್ಳುವ ಒಬ್ಬ ಸಣ್ಣ ಹೂಡಿಕೆದಾರ