ಮಾವನಿಗೆ, ಹೊಗೆ ಬಿಯರಿನ ಮಾರ್ಕ್ಸ್

ಎರ್ಲಾಂಗೆನ್, ಜರ್ಮನಿ
ಮಾರ್ಚ್ 10, ಭಾನುವಾರ

ಪ್ರೀತಿಯ ಮಾವನಿಗೆ,

ನಮಸ್ಕಾರ. ನಾನು ಆರಾಮಾಗಿದ್ದೇನೆ. ಅಲ್ಲಿ ಹೂಮಳೆ ಬಂತಾ? ನಾಲ್ಕು ಹನಿ ಉದುರಿಸಿ ಮೋಡ ಹೋಯ್ತು ಅಂತ ಅಮ್ಮ ಫೋನಿನಲ್ಲಿ ಹೇಳಿದಳು. ಅಷ್ಟಕ್ಕೇ ನಿಂತರೆ ಕಾಫಿ ಮೊಗ್ಗು ಅರ್ಧಕ್ಕೇ ಕರಟಿ ಹೋಗುತ್ತದೆ ಅಂತ ನನಗೂ ಗೊತ್ತು. ಸ್ಪ್ರಿಂಕ್ಲರ್ ಹಾಕಿಸಿದಿರಾ, ಕೆರೆಯಲ್ಲಿ ನೀರು ಎಷ್ಟಿದೆ, ಬರೆಯಿರಿ.

ಈಗ ವಿಷಯಕ್ಕೆ ಬರುತ್ತೇನೆ. ಗಣೇಶನ ಹಬ್ಬಕ್ಕೆ ಫೋನ್ ಮಾಡಿದಾಗ ನೀವು ನನಗೆ ಬೈದಿದ್ದು ನೆನಪಿದೆಯಾ? ಅಲ್ಲಿ ಬಿಯರ್ ಹೇಗಿದೆ ಅಂತ ಕೇಳಿದಿರಿ, ನಾನು ಎಲ್ಲಾ ಚೆನ್ನಾಗಿದೆ ಅಂದೆ. "ಚೆನ್ನಾಗಿದೆ ಅನ್ನೋದು ರುಚಿ ಅಲ್ಲ ಕಣೋ, ಬೀಗರ ಮನೆ ಮರ್ಯಾದೆ. ಕುಡಿದು ನೋಡಿ ಮಾರ್ಕ್ಸ್ ಹಾಕು" ಅಂದಿರಿ. ಕಾಫಿಯನ್ನು ಚಮಚದಲ್ಲಿ ಸುರ್ ಅಂತ ಎಳೆದು, ಉಗಿದು, ನಂಬರ್ ಬರೆಯುವವರು ನೀವು. ನಿಮ್ಮ ಹತ್ತಿರ ಸುಮ್ನೆ ಏನೋ ಹೇಳಿ ಪಾರಾಗುವ ಹಾಗಿಲ್ಲ. ಅದಕ್ಕೇ ಸೆಪ್ಟೆಂಬರ್ ಕೊನೆಯಿಂದ ನಿನ್ನೆಯವರೆಗೆ ಒಂದೇ ಜಾಗದ ಆರು ಬಿಯರ್ ಕುಡಿದು ಮಾರ್ಕ್ಸ್ ಹಾಕಿದ್ದೇನೆ. ಆರೂ ಒಂದೇ ದಿನ ಅಲ್ಲ ಅಂತ ಅಮ್ಮನಿಗೆ ಬಿಡಿಸಿ ಹೇಳಿ. ಅತ್ತೆ ಕೇಳಿದರೆ ಬಾರ್ಲಿ ನೀರು ಅನ್ನಿ, ಸುಳ್ಳೇನೂ ಅಲ್ಲವಲ್ಲ.

ಇಲ್ಲಿಂದ ಅರ್ಧ ಗಂಟೆ ರೈಲಿನಲ್ಲಿ ಹೋದರೆ ಬಾಂಬೆರ್ಗ್ ಅಂತ ಊರು. ರೆಗ್ನಿಟ್ಸ್ ಅನ್ನುವ ಹೊಳೆಯ ಮಧ್ಯದಲ್ಲಿ ಹಳೆಯ ಪುರಸಭೆ ಕಟ್ಟಡ ನಿಂತಿದೆ, ಎರಡೂ ಕಡೆಗೆ ಸೇತುವೆ. 1993ರಲ್ಲಿ ಊರನ್ನೇ ಯುನೆಸ್ಕೊ ಪಟ್ಟಿಗೆ ಸೇರಿಸಿದ್ದಾರೆ. ದೊಡ್ಡ ಚರ್ಚಿನ ಗುಡ್ಡದ ಬುಡದಲ್ಲಿ, ಒಂದು ಗಲ್ಲಿಯಲ್ಲಿ, ಶ್ಲೆಂಕರ್ಲಾ ಅಂತ, ತಾವೇ ಬಿಯರ್ ಮಾಡಿ ಮಾರುವ ಹೋಟೆಲು. ನಾನು ಹೇಳಿದ ಒಂದೇ ಜಾಗ ಇದೇ. ಆ ಮನೆಯ ಪ್ರಸ್ತಾಪ 1405ರ ಕಾಗದದಲ್ಲೇ ಇದೆ. ಈಗ ನಡೆಸುತ್ತಿರುವುದು ಟ್ರುಮ್ ಅನ್ನುವ ಮನೆತನದ ಆರನೇ ತಲೆಮಾರು. ಹೆಸರಿನ ಕತೆ ನಿಮಗೆ ಹಿಡಿಸುತ್ತದೆ: ಹಿಂದೆ ಇದ್ದ ಯಜಮಾನನೊಬ್ಬ ಕೈ ಬೀಸಿಕೊಂಡು ಒಂಥರಾ ತೂರಾಡುತ್ತಾ ನಡೆಯುತ್ತಿದ್ದನಂತೆ, ಜನ ಅವನಿಗಿಟ್ಟ ಅಡ್ಡಹೆಸರೇ ಹೋಟೆಲಿಗೆ ಅಂಟಿಕೊಂಡಿತು. ನಮ್ಮೂರಲ್ಲೂ ಅಷ್ಟೇ ಅಲ್ವಾ, ಅಜ್ಜನಿಗಿಟ್ಟ ಅಡ್ಡಹೆಸರು ಮೊಮ್ಮಕ್ಕಳ ಮದುವೆ ಕಾಗದದವರೆಗೂ ಬರುತ್ತದೆ.

ಇವರ ವಿಶೇಷ ರೌಖ್‌ಬಿಯರ್. ಹೊಗೆ ಬಿಯರ್ ಅಂತಲೇ ಅರ್ಥ. ಅದು ಹೇಗೆ ಅನ್ನುವುದನ್ನು ನಿಮಗೆ ಹೇಳುವುದು ಸುಲಭ, ಬೇರೆಯವರಿಗಾದರೆ ಕಷ್ಟ. ಅಜ್ಜಿ ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ಒಣಗಿಸಿ ಹುರಿಯುತ್ತಿದ್ದರಲ್ಲ, ಬಾರ್ಲಿಗೂ ಅದೇ ಕೆಲಸ, ಅದೇ ಮಾಲ್ಟ್. ಮೊಳಕೆಯನ್ನು ಸರಿಯಾದ ಹೊತ್ತಿಗೆ ನಿಲ್ಲಿಸಬೇಕಾದರೆ ಶಾಖ ಬೇಕು. ಇವರು ಶಾಖಕ್ಕೆ ಕೆಳಗೆ ಬೀಚ್ ಮರದ ಸೌದೆ ಉರಿಸುತ್ತಾರೆ, ಹೊಗೆ ಕಾಳಿನ ನಡುವೆಯೇ ಹಾದು ಹೋಗುತ್ತದೆ. ಯಾವುದೋ ಕಾಲದಲ್ಲಿ ಬೆಂಕಿ ಬಿದ್ದು ಮಾಲ್ಟಿಗೆಲ್ಲ ಹೊಗೆ ಹಿಡಿಯಿತು, ಎಸೆಯಲು ಮನಸ್ಸು ಬಾರದೆ ಅದರಲ್ಲೇ ಬಿಯರ್ ಮಾಡಿದರು ಅಂತ ಒಂದು ಕತೆ ಹೇಳುತ್ತಾರೆ. ಕತೆ ಚೆನ್ನಾಗಿದೆ, ನಿಜ ಅಲ್ಲ. ಸೌದೆ ಒಲೆಯ ಮೇಲೆ ಮಾಲ್ಟ್ ಒಣಗಿಸುತ್ತಿದ್ದ ಕಾಲದಲ್ಲಿ ಎಲ್ಲರ ಬಿಯರಿಗೂ ಹೊಗೆ ವಾಸನೆ ಇರುತ್ತಿತ್ತು. ಆಮೇಲೆ ಹೊಗೆಯನ್ನು ಬೇರೆ ದಾರಿಗೆ ಹಾಯಿಸಿ ಬರೀ ಬಿಸಿಗಾಳಿ ಬಿಡುವ ಗೂಡುಗಳು ಬಂದವು, ಎಲ್ಲರೂ ಅದಕ್ಕೆ ಹೋದರು. ಈ ಊರಿನಲ್ಲಿ ಹಳೆಯ ಪದ್ಧತಿ ಬಿಡದೆ ಉಳಿಸಿಕೊಂಡವರು ಇಬ್ಬರು, ಇವರು ಮತ್ತು ಸ್ಪೆಟ್ಸಿಯಾಲ್ ಅನ್ನುವ ಇನ್ನೊಂದು ಮನೆ.

ಇದನ್ನು ಕೇಳಿದ ತಕ್ಷಣ ನನಗೆ ನೆನಪಾಗಿದ್ದು ನಮ್ಮ ಏಲಕ್ಕಿ ಗೂಡು. ಅಲ್ಲೂ ಅಷ್ಟೇ ಅಲ್ವಾ ಮಾವ, ಹೊರಗಿನಿಂದ ಸೌದೆ ಹಾಕುವುದು, ಹೊಗೆ ತಗಡಿನ ಕೊಳವೆಯೊಳಗೇ ಸುತ್ತಿ ಹೊರಗೆ ಹೋಗುವುದು, ಏಲಕ್ಕಿಗೆ ಶಾಖ ಮಾತ್ರ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಒಂದು ರಾತ್ರಿ ಕೊಳವೆಯ ಕೀಲು ಬಿಟ್ಟುಕೊಂಡಿತ್ತು. ಬೆಳಗ್ಗೆ ಬಾಗಿಲು ತೆಗೆದರೆ ಹಸಿರೆಲ್ಲ ಹೋಗಿ ಕಂದು. ಕೊಳ್ಳಲು ಬಂದವನು ಒಂದು ಕಾಯಿ ಬಿಡಿಸಿ, ಮೂಗಿಗೆ ಹಿಡಿದು, ಮಾತಾಡದೆ ಚೀಲವನ್ನು ಕಾಲಿನಲ್ಲಿ ಪಕ್ಕಕ್ಕೆ ತಳ್ಳಿದ. ನೀವೂ ಮಾತಾಡಲಿಲ್ಲ. ಒಳಗೆ ಹೋಗಿ ಕೀಲಿಗೆ ಮಣ್ಣು ಮೆತ್ತುತ್ತಾ ಕೂತಿರಿ. ನಮ್ಮಲ್ಲಿ ಕಾಲಿನಲ್ಲಿ ತಳ್ಳಿದ ವಾಸನೆಗೆ ಇಲ್ಲಿ ಜನ ದೇಶ ದೇಶದಿಂದ ಬಂದು ಗಲ್ಲಿಯಲ್ಲಿ ನಿಂತೇ ಕುಡಿಯುತ್ತಾರೆ.

ಸರಿ, ಮಾರ್ಕ್ಸ್. ಹತ್ತಕ್ಕೆ.

ಮೊದಲನೆಯದು ಮೆರ್ಟ್ಸೆನ್, ಆಲ್ಕೋಹಾಲ್ ಶೇ. 5.1. ಮಾರ್ಚ್ ತಿಂಗಳ ಬಿಯರ್ ಅಂತ ಹೆಸರು. ಫ್ರಿಜ್ ಇಲ್ಲದ ಕಾಲದಲ್ಲಿ ಮಾರ್ಚಿನಲ್ಲಿ ಸ್ವಲ್ಪ ಗಟ್ಟಿಯಾಗಿ ಮಾಡಿಟ್ಟು ಬೇಸಿಗೆ ಕಳೆಯುತ್ತಿದ್ದರಂತೆ. ಇವರ ಮುಖ್ಯ ಬಿಯರ್ ಇದೇ, ವರ್ಷವಿಡೀ ಸಿಗುತ್ತದೆ. ಕೌಂಟರಿನ ಮೇಲೆ ಮರದ ಪೀಪಾಯಿ ಇಟ್ಟು, ಗ್ಯಾಸ್ ಪೈಪು ಏನೂ ಇಲ್ಲದೆ, ನಲ್ಲಿ ತಿರುಗಿಸಿ ಹಾಗೇ ಇಳಿಸಿ ಕೊಡುತ್ತಾರೆ. ಅರ್ಧ ಲೀಟರಿಗೆ ಇಲ್ಲಿಯವರು ಸೈಡ್ಲಾ ಅನ್ನುತ್ತಾರೆ. ಬಣ್ಣ ನಮ್ಮ ಡಿಕಾಕ್ಷನ್ನಿನ ಬಣ್ಣ, ಬೆಳಕಿಗೆ ಹಿಡಿದರೆ ಅಂಚಿನಲ್ಲಿ ಕೆಂಪು. ಬಾಯಿಗೆ ಹೋಗುವ ಮೊದಲೇ ಮೂಗಿಗೆ ಹೊಡೆಯಿತು. ಜೊತೆಗೆ ಬಂದಿದ್ದ ಆಫೀಸಿನ ಹುಡುಗ ಹಂದಿ ಮಾಂಸ ಒಣಗಿಸಿದ ವಾಸನೆ ಅಂದ. ಇಲ್ಲಿ ಮಾಂಸಕ್ಕೆ ಹೊಗೆ ಹಾಕುವುದೂ ಬೀಚ್ ಸೌದೆಯಲ್ಲೇ, ಅದಕ್ಕೆ ಎಲ್ಲರಿಗೂ ಹಾಗೇ ಅನ್ನಿಸುತ್ತದೆ. ನನಗೆ ಮಾತ್ರ ಮಳೆಗಾಲದಲ್ಲಿ ಒಲೆಯ ಮೇಲಿನ ಅಟ್ಟದಿಂದ ಇಳಿಸಿದ ಬುಟ್ಟಿ. ಬುಟ್ಟಿಯ ವಾಸನೆ ಇಷ್ಟ, ಆದರೆ ಕುಡಿಯಲು ಆಗುತ್ತದಾ? ಮೊದಲ ಗುಟುಕಿಗೆ 4 ಅಂತ ಬರೆದೆ.

ಇಲ್ಲಿ ಮೇಜು ನಮ್ಮದೇ ಅಂತ ಇರುವುದಿಲ್ಲ, ಜಾಗ ಇದ್ದಲ್ಲಿ ಯಾರ ಪಕ್ಕದಲ್ಲಾದರೂ ಕೂರಬೇಕು. ನಾನು ನಿಮ್ಮ ಹಾಗೆ ಸುರ್ ಅಂತ ಎಳೆದಿದ್ದಕ್ಕೆ ಪಕ್ಕದಲ್ಲಿದ್ದ ಅಜ್ಜ ಒಮ್ಮೆ ತಿರುಗಿ ನೋಡಿದ. ನನ್ನ ನೋಟ್‌ಬುಕ್ಕಿನ 4 ನೋಡಿ ತಲೆ ಆಡಿಸಿದ. ಮೂರು ಕುಡಿಯುವ ಮೊದಲು ಬಾಯಿ ಬಿಡಬಾರದು ಅಂದ. ಅದು ಊರಿನ ಮಾತೇ ಅಂತೆ. ಲೋಟದ ಕೆಳಗಿಡುವ ರಟ್ಟಿನ ಬಿಲ್ಲೆಯ ಮೇಲೂ ಹೆಚ್ಚು ಕಡಿಮೆ ಅದನ್ನೇ ಅಚ್ಚು ಹಾಕಿಸಿದ್ದಾರೆ. ವ್ಯಾಪಾರದ ಉಪಾಯ ಅಂತ ನನಗೆ ಅನುಮಾನ ಇತ್ತು. ಆದರೆ ಎರಡನೇ ಲೋಟದ ಮಧ್ಯಕ್ಕೆ ಬರುವಾಗ ಹೊಗೆ ಎಲ್ಲಿ ಹೋಯಿತು ಅಂತ ಹುಡುಕುವ ಹಾಗಾಯಿತು. ಹೊಗೆ ಮನೆಯಲ್ಲಿ ಸ್ವಲ್ಪ ಹೊತ್ತು ಕೂತರೆ ವಾಸನೆ ಗೊತ್ತಾಗುವುದು ನಿಲ್ಲುತ್ತದಲ್ಲ, ಹಾಗೆ. ಅದು ಸರಿದ ಮೇಲೆ ಕೆಳಗಿದ್ದ ಮಾಲ್ಟಿನ ಸಿಹಿ, ಹುರಿದ ರಾಗಿಯ ಥರದ್ದು, ಮೇಲೆ ಬರುತ್ತದೆ, ಕೊನೆಗೆ ನಾಲಿಗೆಯ ಹಿಂದೆ ಸಣ್ಣ ಕಹಿ. ಮೂರನೆಯದು ಮುಗಿಸಿ 4 ಹೊಡೆದು ಹಾಕಿ 8 ಬರೆದೆ. ಬರೆದಾಗ ಕೈ ಎಷ್ಟು ನೆಟ್ಟಗಿತ್ತು ಅಂತ ಕೇಳಬೇಡಿ.

ವೈಟ್ಸೆನ್‌ಗೆ 5 ಮಾರ್ಕ್ಸ್. ಇದು ಗೋಧಿ ಬಿಯರ್, ಗೋಧಿಗೆ ಹೊಗೆ ಹಾಕಿರುವುದಿಲ್ಲ, ಜೊತೆಗಿರುವ ಬಾರ್ಲಿಗೆ ಮಾತ್ರ. ಗೋಧಿ ಬಿಯರಿಗೆ ಯೀಸ್ಟಿನಿಂದಲೇ ಬಾಳೆಹಣ್ಣು, ಲವಂಗದ ವಾಸನೆ ಬರುತ್ತದೆ. ಅದಕ್ಕೆ ಹೊಗೆ ಸೇರಿದರೆ ಅಟ್ಟದಲ್ಲಿ ಮರೆತುಹೋದ ಬಾಳೆಗೊನೆ. ಕೆಲವರಿಗೆ ಇದೇ ಪ್ರಾಣ. ನನಗೆ ಇಬ್ಬರು ಒಟ್ಟಿಗೆ ಮಾತಾಡಿದ ಹಾಗೆ ಅನ್ನಿಸಿತು.

ಅಕ್ಟೋಬರಿನಲ್ಲಿ ಉರ್‌ಬಾಕ್ ಬಂತು, ಶೇ. 6.5. ವರ್ಷಕ್ಕೊಮ್ಮೆ ಚಳಿ ಶುರುವಾಗುವಾಗ ಪೀಪಾಯಿ ಒಡೆಯುತ್ತಾರೆ, ಅಲ್ಲಿಯವರೆಗೆ ಗುಡ್ಡದೊಳಗೆ ಕೊರೆದ ನೆಲಮಾಳಿಗೆಯಲ್ಲಿ ತಿಂಗಳುಗಟ್ಟಲೆ ಇಟ್ಟಿರುತ್ತಾರೆ. ಈ ಕಡೆ ಗುಡ್ಡದಲ್ಲೆಲ್ಲ ಇಂಥ ಮಾಳಿಗೆಗಳು. ಮೇಲೆ ನೆರಳಿಗೆ ಚೆಸ್ಟ್‌ನಟ್ ಮರ ನೆಟ್ಟು, ಬೇಸಿಗೆಯಲ್ಲಿ ಅದರ ಕೆಳಗೇ ಬೆಂಚು ಹಾಕಿ ಕುಡಿಯುತ್ತಾರೆ. ಮರದ ನೆರಳಿಗೆ ಕೆಳಗಿನ ಬಿಯರೂ ತಣ್ಣಗೆ, ಮೇಲಿನ ಜನವೂ ತಣ್ಣಗೆ. ನಿಮ್ಮ ಸಿಲ್ವರ್ ಓಕ್ ನೆರಳಿನ ಲೆಕ್ಕಾಚಾರವೇ! ಉರ್‌ಬಾಕಿಗೆ 8.5. ಮೈ ದಪ್ಪ, ಜೋನಿ ಬೆಲ್ಲದ ಸಿಹಿ, ಹೊಗೆ ಜಾಸ್ತಿ ಇದ್ದರೂ ಸಿಹಿಯ ಹಿಂದೆ ನಿಲ್ಲುತ್ತದೆ.

ಡಿಸೆಂಬರಿನಲ್ಲಿ ಐಖೆ, ಶೇ. 8. ಐಖೆ ಅಂದರೆ ಓಕ್ ಮರ. ಇದಕ್ಕೆ ಬೀಚ್ ಬದಲು ಓಕ್ ಸೌದೆಯ ಹೊಗೆ. ಓಕ್ ಅಂದ ಮೇಲೆ ಇನ್ನೂ ಖಾರವಾಗಿ ಇರುತ್ತದೆ ಅಂದುಕೊಂಡಿದ್ದೆ, ಉಲ್ಟಾ, ಹೊಗೆ ಮೆದು. ಆದರೆ ಬಿಯರ್ ತಲೆಗೆ ಬೇಗ ಏರುತ್ತದೆ. ಬಹಳ ಜನ ಇದನ್ನೇ ಮೇಲೆ ಇಡುತ್ತಾರೆ. ನಾನು 7. ಅರ್ಧ ಲೋಟಕ್ಕೆ ಸಾಕು ಅನ್ನಿಸುವ ಬಿಯರಿಗೆ ಅದಕ್ಕಿಂತ ಜಾಸ್ತಿ ಕೊಡಲು ನನಗೆ ಮನಸ್ಸಿಲ್ಲ.

ನಿನ್ನೆ ಕುಡಿದಿದ್ದು ಫಾಸ್ಟೆನ್‌ಬಿಯರ್. ಉಪವಾಸದ ಬಿಯರ್! ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ ಮಾತ್ರ ಸಿಗುತ್ತದೆ, ಶೇ. 5.5, ಸೋಸದೆ ಕೊಡುವುದರಿಂದ ಸ್ವಲ್ಪ ಮಬ್ಬು. ಹಿಂದಿನ ಸನ್ಯಾಸಿಗಳ ಲೆಕ್ಕದಲ್ಲಿ ಗಟ್ಟಿ ಪದಾರ್ಥ ತಿಂದರೆ ಉಪವಾಸ ಕೆಡುತ್ತದೆ, ಕುಡಿದರೆ ಕೆಡುವುದಿಲ್ಲ. ಏಕಾದಶಿ ದಿನ ಅನ್ನ ಮುಟ್ಟಲ್ಲ ಅಂತ ಎರಡು ತಟ್ಟೆ ಉಪ್ಪಿಟ್ಟು ತಿನ್ನುವ ನಮ್ಮ ದೊಡ್ಡಜ್ಜಿ ಇದನ್ನು ಕೇಳಿದ್ದರೆ ಆ ಸನ್ಯಾಸಿಗಳಿಗೆ ಕೈ ಮುಗಿಯುತ್ತಿದ್ದರು. 7.5.

ಕೊನೆಯದು ಹೆಲ್ಲೆಸ್, ಶೇ. 4.3. ಬಂಗಾರದ ಬಣ್ಣದ ಸಾದಾ ಬಿಯರ್, ಬಾಟಲಿಯಲ್ಲಿ ತಂದಿದ್ದು. ಇದರ ಮಾಲ್ಟಿಗೆ ಹೊಗೆ ಹಾಕುವುದೇ ಇಲ್ಲ. ಪಟ್ಟಿ ಪೂರ್ತಿಯಾಗಲಿ ಅಂತ ನಾಲ್ಕು ಬಾಟಲಿ ತಂದು, ಜನವರಿಯ ಚಳಿಯಲ್ಲಿ ಫ್ರಿಜ್ ಯಾಕೆ ಅಂತ ಬಾಲ್ಕನಿಯಲ್ಲಿಟ್ಟೆ. ಬೆಳಗ್ಗೆ ನೋಡಿದರೆ ಒಂದು ಬಾಟಲಿ ಹೆಪ್ಪುಗಟ್ಟಿ ಸೀಳಿ, ಗಾಜು ಒಂದು ಕಡೆ, ಬಾಟಲಿಯ ಆಕಾರದ ಬಿಯರ್ ಮಂಜು ಒಂದು ಕಡೆ. ಉಳಿದ ಮೂರರಲ್ಲಿ ಒಂದನ್ನು ಸಂಜೆ ತೆಗೆದೆ. ಏನೂ ವಾಸನೆ ಇಲ್ಲ ಅನ್ನಿಸಿತು. ನುಂಗಿ, ಬಾಯಿ ಮುಚ್ಚಿ, ಮೂಗಿನಿಂದ ಉಸಿರು ಬಿಟ್ಟಾಗ ಬಂತು. ಬಚ್ಚಲ ಹಂಡೆಯ ನೀರಿನಲ್ಲಿ ತಲೆಗೆ ಮಿಂದು, ಕೂದಲು ಒಣಗಿದ ಮೇಲೆ ಬರುತ್ತದಲ್ಲ, ಅಷ್ಟೇ ಅಷ್ಟು. ನೀರಿಗೆ ಯಾರೂ ಹೊಗೆ ಹಾಕಿರುವುದಿಲ್ಲ. ಇದಕ್ಕೂ ಯಾರೂ ಹಾಕಿಲ್ಲ. ಉಳಿದ ಬಿಯರುಗಳನ್ನು ಬೇಯಿಸುವ ಅದೇ ತಾಮ್ರದ ಹಂಡೆಯಲ್ಲಿ ಬೇಯಿಸುತ್ತಾರೆ, ಅವುಗಳಲ್ಲಿ ಕೆಲಸ ಮಾಡಿದ ಯೀಸ್ಟನ್ನೇ ಇದಕ್ಕೂ ಹಾಕುತ್ತಾರೆ, ಅಷ್ಟರಿಂದಲೇ ಬಂದಿದ್ದು. ಅಡುಗೆಮನೆಯ ಒಗ್ಗರಣೆ ಪಾತ್ರೆಯಲ್ಲಿ ಬರೀ ಹಾಲು ಕಾಯಿಸಿದರೂ ಗೊತ್ತಾಗುತ್ತದಲ್ಲ, ಆ ಲೆಕ್ಕ. ನಿಮ್ಮ ಕಾಫಿ ಪರೀಕ್ಷೆಯಲ್ಲಾದರೆ ಇದು ಬೇರೆ ವಾಸನೆ ಹಿಡಿದ ಮಾಲು, ಸೀದಾ ಫೇಲ್. ನಾನು 9 ಕೊಟ್ಟಿದ್ದೇನೆ. ಉಳಿದ ಎರಡು ಬಾಟಲಿಯನ್ನು ಯಾರಿಗೂ ಕೊಡಲಿಲ್ಲ.

ಮೇ ತಿಂಗಳಲ್ಲಿ ಬರುತ್ತೇನೆ, ಟಿಕೆಟ್ ಆಗಿದೆ. ಎರಡು ಲೀಟರ್ ತರಬಹುದು, ಅಂದರೆ ಅರ್ಧ ಲೀಟರಿನ ನಾಲ್ಕು ಬಾಟಲಿ. ಹೆಲ್ಲೆಸ್ ಎರಡು, ಮೆರ್ಟ್ಸೆನ್ ಒಂದು, ಅಕ್ಟೋಬರಿನಲ್ಲಿ ತಂದು ಕಪಾಟಿನಲ್ಲಿ ಬಚ್ಚಿಟ್ಟಿರುವ ಉರ್‌ಬಾಕ್ ಒಂದು. ನೀವು ಫ್ರೀಜರಿನಲ್ಲಿಟ್ಟು ಹಲ್ಲು ಜುಮ್ ಅನ್ನುವ ಹಾಗೆ ಕುಡಿಯುವವರು, ಇದಕ್ಕೆ ಹಾಗೆ ಮಾಡಬೇಡಿ. ಫ್ರಿಜ್ಜಿನಿಂದ ತೆಗೆದು ಕಾಲು ಗಂಟೆ ಹೊರಗಿಟ್ಟು ಆಮೇಲೆ ತೆಗೆಯೋಣ, ಆ ಏಲಕ್ಕಿ ಗೂಡಿನ ಜಗಲಿ ಮೇಲೆ ಕೂತು. ನೀವು ನಿಮ್ಮ ಮಾರ್ಕ್ಸ್ ಬೇರೆ ಚೀಟಿಯಲ್ಲಿ ಬರೆಯಬೇಕು, ನನ್ನದನ್ನು ನೋಡದೆ. ನನ್ನದೆಲ್ಲ ಇಲ್ಲಿ ಬರೆದುಬಿಟ್ಟೆ, ಅದೊಂದು ತಪ್ಪಾಯಿತು.

ಅತ್ತೆಗೆ ನಮಸ್ಕಾರ. ಮಳೆ ಬಂದರೆ ತಕ್ಷಣ ಒಂದು ಮೆಸೇಜ್ ಹಾಕಿ.

ನಿಮ್ಮ
ಪುಟ್ಟ