ಸುಭಾಸ ರೋಡಿನ ಪುಸ್ತಕದಂಗಡಿಯಲ್ಲಿ ಸಿಕ್ಕ ಸರ್‌ಗೆ

ಸರ್, ಬಸ್ಸಿನ ಗಡಿಬಿಡಿಯಲ್ಲಿದ್ದಿರಿ, ಹೆಸರು ಕೇಳುವುದೂ ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ತುಂಬಾ ಥ್ಯಾಂಕ್ಸ್.

ಪಿಯುಸಿ ಮುಗಿಸಿ ಸಂಗೀತ ಕಾಲೇಜು ಸೇರಬೇಕೆಂದಿರುವ ನಮ್ಮ ಹುಡುಗರಿಗೆ ನಾನು ಹಿಂದೂಸ್ತಾನಿ ಸಂಗೀತಶಾಸ್ತ್ರದ ಪುಸ್ತಕ ಹುಡುಕುತ್ತಿದ್ದೆ. ಹಾಡೋದು ಚೆನ್ನಾಗಿಯೇ ಹಾಡುತ್ತಾರೆ, ಬರೆಯಲು ಕೂತರೆ ಪೆನ್ನು ಓಡುವುದಿಲ್ಲ. ನೀವು ಪುಸ್ತಕ ತೆಗೆದು ಮೊದಲು ನೋಡಿದ್ದು ಸ್ವರಲಿಪಿ, ಅಂದರೆ ಸ್ವರ, ತಾಳ ಬರೆಯುವ ಗುರುತುಗಳು. ಅದರಲ್ಲಿ ಎರಡು ಪದ್ಧತಿ. ಭಾತಖಂಡೆ ಪದ್ಧತಿಯಲ್ಲಿ ತಾಳದ ಮೊದಲ ಮಾತ್ರೆಯಾದ ಸಮ್‌ಗೆ ಗುಣಾಕಾರದ ಗುರುತು, ಚಪ್ಪಾಳೆ ಇಲ್ಲದ ಖಾಲಿಗೆ ಸೊನ್ನೆ. ಪಲುಸ್ಕರ್ ಪದ್ಧತಿಯಲ್ಲಿ ಸಮ್‌ಗೆ 1, ಖಾಲಿಗೆ ಪ್ಲಸ್. "ಎರಡನ್ನೂ ಒಮ್ಮೆಗೇ ಕೊಡಬ್ಯಾಡ್ರಿ, ಹುಡುಗ್ರಿಗೆ ಗೊಂದಲ ಆಗ್ತದ" ಅಂದಿರಿ. ಎಷ್ಟು ಸರಳ ಮಾತು, ಯಾವ ಗೈಡಿನಲ್ಲೂ ನಾನಿದನ್ನು ನೋಡಿರಲಿಲ್ಲ.

ಆದರೆ ನನಗೆ ಜಾಸ್ತಿ ಹಿಡಿಸಿದ್ದು ಭೂಪಾಲಿ, ದೇಶಕಾರ್ ರಾಗಗಳ ಜೋಡಿ. ಎರಡರಲ್ಲೂ ಅವೇ ಐದು ಸ್ವರ, ಸಾ ರೇ ಗ ಪ ಧ, ಆದರೆ ಭೂಪಾಲಿ ಕಲ್ಯಾಣ್ ಥಾಟಿನದು (ಥಾಟು ಅಂದರೆ ರಾಗಗಳನ್ನು ವಿಂಗಡಿಸುವ ಮೂಲ ಸ್ವರಗುಂಪು), ಅದರ ವಾದಿ, ಅಂದರೆ ಮುಖ್ಯ ಸ್ವರ, ಗಾಂಧಾರ (ಗ), ದೇಶಕಾರ್ ಬಿಲಾವಲ್ ಥಾಟಿನದು, ಅದರ ವಾದಿ ಧೈವತ (ಧ). ಥಾಟು, ವಾದಿ, ಸಂವಾದಿ (ವಾದಿಯ ನಂತರದ ಮುಖ್ಯ ಸ್ವರ) ಅಂತ ಸುಮ್ನೆ ಬಾಯಿಪಾಠ ಮಾಡಿಸುವ ಬದಲು ಈ ಎರಡನ್ನು ಹಾಡಿಸಿ, ಆಮೇಲೆ ವ್ಯತ್ಯಾಸ ಬರೆಸಿ ಅಂದಿರಿ. ಬರೆಸಿದೆ. ಕೆಲಸ ಮಾಡಿತು.

ನಿಮ್ಮ ಹಳೆಯ ನೋಟ್ಸ್ ವಹಿಯ ಝೆರಾಕ್ಸ್ ಈಗ ಕ್ಲಾಸಿನಲ್ಲಿ ಎಲ್ಲರ ಕೈಗೂ ಹೋಗಿದೆ, ಅದರ ದುಡ್ಡನ್ನೂ ನೀವೇ ಕೊಟ್ಟುಬಿಟ್ಟಿರಿ, ಅದು ಸರಿಯಲ್ಲ ನೋಡಿ! ತಾಳದ ಪುಟಗಳು ಸ್ವಲ್ಪ ಮಸುಕಾಗಿ ಬಂದಿವೆ. ಮತ್ತೆ ಆ ಕಡೆ ಬಂದರೆ ವಹಿ ಇನ್ನೊಮ್ಮೆ ಕೊಡಿ ಸರ್, ಈ ಸಲ ಝೆರಾಕ್ಸೂ ಚಹಾನೂ ನನ್ನ ಲೆಕ್ಕಕ್ಕೆ.