ಬೆಕ್ಕಿಗೆ ಬೆಣ್ಣೆ ಹಣ್ಣು: ಭಯ ಎಷ್ಟು, ಎಚ್ಚರ ಎಲ್ಲಿ?

ಮಾನ್ಯರೇ,

ಮಳೆಗಾಲ ಬಂತೆಂದರೆ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳ ಬೆಣ್ಣೆ ಹಣ್ಣು ಸಂತೆಗೆ ಬರುತ್ತದೆ. ಜೊತೆಗೇ ವಾಟ್ಸ್ಆ್ಯಪ್‌ನಲ್ಲಿ ಎರಡು ಸಂದೇಶಗಳು ಓಡಾಡುತ್ತವೆ. 'ಬೆಕ್ಕು ಬಟರ್ ಫ್ರೂಟ್ ನೆಕ್ಕಿದರೂ ಸಾಯುತ್ತದೆ' ಎನ್ನುವುದು ಒಂದು. 'ದಿನಾ ಒಂದು ಚಮಚ ಕೊಡಿ, ಕೂದಲು ಹೊಳೆಯುತ್ತದೆ' ಎನ್ನುವುದು ಇನ್ನೊಂದು. ಎರಡೂ ತಪ್ಪು.

ಈ ಮರದಲ್ಲಿ ಪರ್ಸಿನ್ ಎಂಬ ವಿಷಾಂಶ ಇರುವುದು ನಿಜ. ಎಲೆಯಲ್ಲಿ ಅದು ಹೆಚ್ಚು. ತೊಗಟೆ, ಬೀಜ, ಸಿಪ್ಪೆಗಳಲ್ಲೂ ಇದೆ. ಮಾಗಿದ ತಿರುಳಿನಲ್ಲಿ ಕಡಿಮೆ. ಆದರೆ ಅದು ಎಲ್ಲ ಪ್ರಾಣಿಗಳಿಗೂ ಒಂದೇ ರೀತಿ ತಟ್ಟುವುದಿಲ್ಲ. ಬೆಕ್ಕು, ನಾಯಿಗಳು ಅದನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತವೆ. ತಟ್ಟೆಯ ಅಂಚಿನಲ್ಲಿದ್ದ ತಿರುಳನ್ನು ಬೆಕ್ಕು ನೆಕ್ಕಿತೆಂದು ರಾತ್ರಿಯೆಲ್ಲ ನಿದ್ದೆಗೆಡಬೇಕಾಗಿಲ್ಲ.

ಹಾಗೆಂದು ಕರೆದು ತಿನ್ನಿಸುವ ಪದಾರ್ಥವೂ ಇದಲ್ಲ. ನೂರು ಗ್ರಾಂ ತಿರುಳಿನಲ್ಲಿ ಸುಮಾರು 15 ಗ್ರಾಂ ಕೊಬ್ಬು ಇರುತ್ತದೆ. ಹೆಚ್ಚು ತಿಂದರೆ ವಾಂತಿ, ಭೇದಿ ಆಗಬಹುದು, ಮೇದೋಜೀರಕ ಗ್ರಂಥಿ ಊದಿಕೊಳ್ಳುವ ಅಪಾಯವೂ ಇದೆ. ಬೀಜದ ಚೂರು ಗಂಟಲಲ್ಲಿ ಅಥವಾ ಕರುಳಲ್ಲಿ ಸಿಕ್ಕಿಕೊಂಡರೆ ಶಸ್ತ್ರಚಿಕಿತ್ಸೆಯೇ ಗತಿಯಾಗಬಹುದು. ಬೆಕ್ಕು ಹುಟ್ಟಾ ಮಾಂಸಾಹಾರಿ. ಅದರ ಕಣ್ಣಿಗೂ ಹೃದಯಕ್ಕೂ ಬೇಕಾದ ಟಾರಿನ್ ಎಂಬ ಪೋಷಕಾಂಶ ಮೀನು, ಮಾಂಸದಿಂದ ಬರಬೇಕೇ ಹೊರತು ಯಾವ ಹಣ್ಣಿನಿಂದಲೂ ಅಲ್ಲ. ನಾವು ತಿನ್ನುವ ಆರೋಗ್ಯದ ಆಹಾರವೆಲ್ಲ ಅದಕ್ಕೂ ಒಳ್ಳೆಯದು ಎಂಬ ಪ್ರೀತಿಯೇ ಇಲ್ಲಿ ಅಡ್ಡದಾರಿ ಹಿಡಿಯುತ್ತದೆ.

ಬೆಣ್ಣೆ ಹಣ್ಣನ್ನು ಈರುಳ್ಳಿ, ಬೆಳ್ಳುಳ್ಳಿ ಹಾಕಿ ಮಸೆದು ಬ್ರೆಡ್ಡಿಗೆ ಹಚ್ಚಿಕೊಳ್ಳುವುದು ಈಗ ನಮ್ಮ ಊರುಗಳಲ್ಲೂ ರೂಢಿಯಾಗಿದೆ. ಅದರಲ್ಲಿ ಬೆಕ್ಕಿಗೆ ನಿಜವಾದ ಶತ್ರು ಈರುಳ್ಳಿ, ಬೆಳ್ಳುಳ್ಳಿ. ಅವು ಅದರ ಕೆಂಪು ರಕ್ತಕಣಗಳನ್ನೇ ಒಡೆಯುತ್ತವೆ. ಮಾತು ಬಂದಿರುವುದರಿಂದ ಇದನ್ನೂ ಹೇಳಲೇಬೇಕು: ಬೆಕ್ಕಿಗೆ ಜ್ವರವೆಂದು ಪ್ಯಾರಾಸಿಟಮಾಲ್ ಕೊಡುವವರು ಇಂದಿಗೂ ಇದ್ದಾರೆ. ನಮಗೆ ಸಾಮಾನ್ಯವಾದ ಆ ಒಂದೇ ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಬಲ್ಲದು. ಬೆಣ್ಣೆ ಹಣ್ಣಿಗೆ ಹೆದರುವ ಮನೆಗಳು ಇದಕ್ಕೆ ಹೆದರುತ್ತಿಲ್ಲ ಎಂಬುದೇ ನನ್ನ ಸಂಕಟ.

ಇನ್ನು ಪರ್ಸಿನ್‌ಗೆ ನಿಜಕ್ಕೂ ಬಲಿಯಾಗುವುದು ಆಡು, ಕುರಿ, ದನ, ಕುದುರೆ, ಮೊಲ ಮತ್ತು ಪಂಜರದ ಹಕ್ಕಿಗಳು. ಸುಮಾರು 9 ಗ್ರಾಂ ತಿರುಳು ತಿಂದ ಬಡ್ಜಿ ಗಿಳಿ ಎರಡೇ ದಿನದಲ್ಲಿ ಸತ್ತದ್ದು ಪಶುವೈದ್ಯಕೀಯ ದಾಖಲೆಗಳಲ್ಲಿದೆ. ಹಾಲು ಕೊಡುವ ಆಡು ತನ್ನ ಮೈತೂಕದ ಪ್ರತಿ ಕಿಲೋಗೆ 20 ಗ್ರಾಂನಂತೆ ಎಲೆ ತಿಂದರೆ ಕೆಚ್ಚಲು ಬಾತು ಹಾಲು ಬತ್ತುತ್ತದೆ. 30 ಗ್ರಾಂ ತಲುಪಿದರೆ ಹೃದಯದ ಸ್ನಾಯುವಿಗೇ ಪೆಟ್ಟು. ಅಂದರೆ 25 ಕಿಲೋ ತೂಗುವ ಆಡಿನ ಹಾಲು ಬತ್ತಲು ಅರ್ಧ ಕಿಲೋ ಎಲೆ ಸಾಕು. ಕೊಂಬೆ ಸವರಿದ ದಿನ ಒಂದು ಹೊರೆ ಸೊಪ್ಪನ್ನು ಕೊಟ್ಟಿಗೆಗೆ ಎಸೆಯುವವರಿಗೆ ಇದು ಗೊತ್ತಿರಬೇಡವೇ?

ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರ ಬಿಡುಗಡೆ ಮಾಡಿದ ಅರ್ಕ ಸುಪ್ರೀಂನಂಥ ಬೆಣ್ಣೆ ಹಣ್ಣಿನ ತಳಿಗಳು ಈಗ ಇವೆ. ಕಾಫಿಯ ನಡುವೆ ಈ ಮರ ಬೆಳೆಸಲು ಬೆಳೆಗಾರರೂ ಆಸಕ್ತರಾಗಿದ್ದಾರೆ. ಸಂತೋಷವೇ. ಆದರೆ ಕಸಿ ಗಿಡ ಮಾರುವ ನರ್ಸರಿಗಳು ಗೊಬ್ಬರ, ನೀರಿನ ಲೆಕ್ಕದ ಜೊತೆಗೆ ಎಲೆಯ ಅಪಾಯವನ್ನೂ ತಿಳಿಸಬೇಕು. ತಾವೂ ಪತ್ರಿಕೆಯ ಕೃಷಿ ಪುಟದಲ್ಲಿ ಈ ಬೆಳೆಯ ಬಗ್ಗೆ ಬರೆಯುವಾಗಲೆಲ್ಲ 'ಸವರಿದ ಸೊಪ್ಪು ಗೊಬ್ಬರದ ಗುಂಡಿಗೆ ಹೋಗಲಿ, ಕೊಟ್ಟಿಗೆಗೆ ಬೇಡ' ಎಂಬ ಒಂದು ಸಾಲನ್ನು ದಯವಿಟ್ಟು ಅಚ್ಚು ಹಾಕಿ.

ಬೆಕ್ಕು ಸಾಕಿದವರಿಗೆ ಒಂದು ವಿನಂತಿ. ನಿಮ್ಮ ಬೆಕ್ಕು ಈ ಹಣ್ಣನ್ನು ಹೆಚ್ಚು ತಿಂದಿದ್ದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ತಿರುಳೋ, ಎಲೆಯೋ, ಬೀಜವೋ, ಎಷ್ಟು ಹೊತ್ತಾಯಿತು ಎಂಬುದನ್ನು ನೋಡಿಕೊಂಡು ಪಶುವೈದ್ಯರಿಗೆ ಕೂಡಲೇ ಫೋನ್ ಮಾಡಿ.

ಇತಿ,
ಓದುಗ, ಸೋಮವಾರಪೇಟೆ